ಗುಳ್ಳ ಯಾವಾಗ ಬರುದು?

ಜನವರಿಯ ಒಂದು ಶನಿವಾರ. ಉಡುಪಿ ಹತ್ತಿರದ ಕಟಪಾಡಿಯ ದೊಡ್ಡಮ್ಮನ ಮನೆಯ ಅಡುಗೆಕೋಣೆಯಲ್ಲಿ ಕೂತಿದ್ದೆ. ಅವರು ಮೆಟ್ಟುಕತ್ತಿಯ ಮುಂದೆ ಕೂತು ಮಟ್ಟು ಗುಳ್ಳ, ಅಂದರೆ ಅಲ್ಲೇ ಹತ್ತಿರದ ಮಟ್ಟು ಊರಿನ ಬದನೆಕಾಯಿ, ಹೆಚ್ಚುತ್ತಿದ್ದರು. ನನ್ನ ಫೋನಿನಲ್ಲಿ ಅದೇ ಗುಳ್ಳದ ಬಗ್ಗೆ ಒಂದು ಲೇಖನ ಇತ್ತು. ಒಂದು ಜಾಲತಾಣಕ್ಕೆ ಅಂತ ಮೂರು ದಿನ ಕೂತು ಬರೆದದ್ದು. ಸಂಜೆಯೊಳಗೆ ಕಳಿಸಬೇಕಿತ್ತು.

‘ನಿಮ್ಮ ಗುಳ್ಳದ ವಿಷಯವೇ ಬರೆದಿದ್ದೇನೆ ದೊಡ್ಡಮ್ಮಾ, ಓದಲಾ?’ ಅಂದೆ.

‘ಓದು ಮಗಾ. ಕೈಗೆ ಕೆಲಸ, ಕಿವಿ ಖಾಲಿ ಉಂಟಲ್ಲ.’

ಓದಲು ಶುರು ಮಾಡಿದೆ. ಭಾರತ ಕೃಷಿ ಪ್ರಧಾನ ದೇಶ ಅಂತ ಮೊದಲ ಸಾಲು. ಆಮೇಲೆ ಅನಾದಿ ಕಾಲದಿಂದಲೂ ತರಕಾರಿಗಳು ಮಾನವನ ಆಹಾರದ ಅವಿಭಾಜ್ಯ ಅಂಗ ಅಂತ. ಆಮೇಲೆ ಕರಾವಳಿಯ ಭೌಗೋಳಿಕ ವೈಶಿಷ್ಟ್ಯ, ಅರಬ್ಬಿ ಸಮುದ್ರ, ಮಣ್ಣು. ದೊಡ್ಡಮ್ಮ ಹೂಂ ಹೂಂ ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೂಂ ನಿಂತಿತು. ಒಲೆಯ ಕಡೆ ತಿರುಗಿ ಬೇಳೆ ನೋಡಿದರು. ವಾಪಸ್ ಕೂತು ಕೇಳಿದರು:

‘ಅಲ್ಲ ಮಗಾ, ಅದರಲ್ಲಿ ಗುಳ್ಳ ಯಾವಾಗ ಬರುದು?’

ಅವರು ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದು. ನಾನು ಫೋನು ನೋಡಿದೆ. ಗುಳ್ಳ ಅನ್ನುವ ಪದ ಸಿಗುವವರೆಗೆ ಬೆರಳಿನಲ್ಲಿ ಮೇಲೆ ತಳ್ಳುತ್ತಾ ಹೋದೆ. ನಾಲ್ಕು ಸಲ ತಳ್ಳಬೇಕಾಯಿತು. ದೊಡ್ಡಮ್ಮನಿಗೆ ನಾನು ಅಂದರೆ ಪ್ರೀತಿ, ಅದಕ್ಕೆ ಕೂತಿದ್ದಾರೆ. ಗುಳ್ಳ ಕೊಳ್ಳಲು ಹೊರಟು, ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಹುಡುಕುವವರು ನಾಲ್ಕು ಸಲ ತಳ್ಳುತ್ತಾರಾ? ಎರಡನೇ ಸಲಕ್ಕೇ ಬೇರೆ ಪುಟಕ್ಕೆ ಹೋಗಿರುತ್ತಾರೆ. ಅವರು ಬರುವುದೇ ಒಂದು ಪ್ರಶ್ನೆ ಹಿಡಿದುಕೊಂಡು. ಉತ್ತರ ಇಲ್ಲಿ ಉಂಟು ಅಂತ ಮೊದಲ ನಾಲ್ಕು ಸಾಲಿನಲ್ಲೇ ಅವರಿಗೆ ಗೊತ್ತಾಗಬೇಕು.

‘ನೀವೇ ಹೇಳಿ. ಇದರಲ್ಲಿ ಜನರಿಗೆ ಎಂತ ಬೇಕು?’ ಅಂದೆ.

‘ಎಂತ ಬೇಕು ಅಂದರೆ? ಸಂತೆಯಲ್ಲಿ ಯಾವ ಗುಳ್ಳವನ್ನೂ ಮಟ್ಟುವಿನದ್ದು ಅಂತ ಕೊಡ್ತಾರೆ. ಸರಿಯಾದ್ದು ಯಾವುದು ಅಂತ ಹೇಳು. ಇಲ್ಲಿ ನೋಡು.’

ಒಂದು ಗುಳ್ಳ ಎತ್ತಿ ನನ್ನ ಅಂಗೈಯಲ್ಲಿ ಇಟ್ಟರು. ದುಂಡಗೆ, ತಿಳಿ ಹಸಿರು, ಮೈಮೇಲೆ ಬಿಳಿ ಗೆರೆ. ‘ಸಿಪ್ಪೆ ನೋಡು, ಎಷ್ಟು ತೆಳು. ತೊಟ್ಟು ಮುಟ್ಟು.’ ಮುಟ್ಟಿದೆ. ಸಣ್ಣ ಮುಳ್ಳು ಬೆರಳಿಗೆ ಚುಚ್ಚಿತು. ನನ್ನ ಲೇಖನದಲ್ಲಿ ‘ವಿಶಿಷ್ಟ ಬಾಹ್ಯ ಲಕ್ಷಣಗಳನ್ನು ಹೊಂದಿದೆ’ ಅಂತ ಇತ್ತು. ಆ ಸಾಲು ಅಲ್ಲೇ ಅಳಿಸಿದೆ. ‘ತೊಟ್ಟು ಮುಟ್ಟಿ ನೋಡಿ, ಸಣ್ಣ ಮುಳ್ಳು ಚುಚ್ಚುತ್ತದೆ’ ಅಂತ ಬರೆದೆ. ಅಂಗಡಿಯಲ್ಲಿ ನಿಂತವರು ಮಾಡಬಹುದಾದ ಕೆಲಸ ಅದು.

ಮುಂದೆ ‘ಭೌಗೋಳಿಕ ಸೂಚಕ ಮಾನ್ಯತೆ’ ಅಂತ ಬಂದಾಗ ದೊಡ್ಡಮ್ಮ ಮತ್ತೆ ನಿಲ್ಲಿಸಿದರು. ಹಾಗೆಂದರೆ ಎಂತ?

‘ಜಿಐ ಟ್ಯಾಗ್ ಅಂತಾರಲ್ಲ ದೊಡ್ಡಮ್ಮಾ. ಮಟ್ಟು ಮತ್ತೆ ಅದರ ಸುತ್ತಮುತ್ತ ಬೆಳೆದ ಗುಳ್ಳಕ್ಕೆ ಮಾತ್ರ ಆ ಹೆಸರು ಹಾಕಿ ಮಾರಬಹುದು ಅಂತ ಸರ್ಕಾರ ಕೊಟ್ಟ ಗುರುತು. 2011ರಲ್ಲಿ ಸಿಕ್ಕಿತು.’

‘ಈಗ ಹೇಳಿದ್ದು ಗೊತ್ತಾಯ್ತು. ಹಾಗೇ ಬರಿ ಅಲ್ವಾ?’

ಹಾಗೇ ಬರೆದೆ, ಒಂದು ಪದ ಬದಲಿಸದೆ. ಎಷ್ಟೋ ವರ್ಷ ಸ್ಮರಣ ಸಂಚಿಕೆಗಳಿಗೆ ಬರೆದ ಕೈ ನನ್ನದು. ಎರಡು ಪುಟ ತುಂಬಬೇಕು, ಭಾಷೆ ಘನವಾಗಿ ಕಾಣಬೇಕು ಅಂತ ಅಭ್ಯಾಸ ಆಗಿಹೋಗಿದೆ. ಬಾಯಲ್ಲಿ ಸರಿಯಾಗಿ ಬರುವ ಮಾತು ಬರೆಯಲು ಕೂತಾಗ ಬಿಗಿದುಕೊಳ್ಳುತ್ತದೆ. ಅದಕ್ಕೇ ಈಗ ಯಾವ ಸಾಲಿನಲ್ಲಿ ಸಿಕ್ಕಿಕೊಂಡರೂ, ದೊಡ್ಡಮ್ಮ ಎದುರು ಕೂತು ‘ಹಾಗೆಂದರೆ ಎಂತ?’ ಅಂತ ಕೇಳಿದರು ಅಂದುಕೊಂಡು ಉತ್ತರ ಹೇಳುತ್ತೇನೆ. ಆ ಉತ್ತರವನ್ನೇ ಬರೆಯುತ್ತೇನೆ.

ವಾದಿರಾಜರ ಕತೆ ಲೇಖನದ ಕೊನೆಯಲ್ಲಿತ್ತು. ಸೋದೆ ಮಠದ ವಾದಿರಾಜರು ಮಟ್ಟುವಿನವರಿಗೆ ಬೀಜ ಕೊಟ್ಟರು, ಅದರಿಂದ ಈ ಬೆಳೆ ಬಂತು ಅನ್ನುವ ನಂಬಿಕೆ. ಅಲ್ಲಿಗೆ ಬಂದಾಗ ದೊಡ್ಡಮ್ಮನ ಕೈ ನಿಂತಿತು. ನನಗಿಂತ ಚೆನ್ನಾಗಿ ಅವರಿಗೆ ಕತೆ ಗೊತ್ತು. ಆದರೂ ಕೊನೆಯವರೆಗೆ ಕೇಳಿದರು. ಆ ಕತೆಯನ್ನು ಎತ್ತಿ ಮೇಲೆ ತಂದೆ, ಗುರುತು ಹಿಡಿಯುವ ಭಾಗ ಮುಗಿದ ಕೂಡಲೇ ಅದು.

ಉಳಿದದ್ದು ಬೇಗ ಆಯಿತು. ‘ಮಟ್ಟು ಗುಳ್ಳ: ಒಂದು ಅವಲೋಕನ’ ಹೋಗಿ ‘ಮಟ್ಟು ಗುಳ್ಳ ಗುರುತು ಹಿಡಿಯುವುದು ಹೇಗೆ?’ ಬಂತು. ಕೆಲವರು ಮಟ್ಟಿಗುಳ್ಳ ಅನ್ನುತ್ತಾರೆ, ಹುಡುಕುವವರು ಹಾಗೂ ಹುಡುಕಬಹುದು ಅಂತ ಆ ಹೆಸರನ್ನೂ ಮೊದಲ ಪ್ಯಾರಾದಲ್ಲೇ ಸೇರಿಸಿದೆ. ಉದ್ದದ ಪ್ಯಾರಾಗಳನ್ನು ಮುರಿದೆ. ಕಾಗದದ ಮೇಲೆ ಆರು ಸಾಲು ಇರುವುದು ಫೋನಿನಲ್ಲಿ ಗೋಡೆಯ ಹಾಗೆ ಕಾಣುತ್ತದೆ. ಸಾವಿರದ ನೂರು ಪದ ಇದ್ದದ್ದು ಐನೂರರ ಹತ್ತಿರ ಬಂತು. ಕೃಷಿ ಪ್ರಧಾನ ದೇಶದ ಪ್ಯಾರಾ ಅಳಿಸುವಾಗ ಸ್ವಲ್ಪ ಸಂಕಟ ಆಯಿತು. ಅದಕ್ಕೇ ಒಂದು ಇಡೀ ಸಂಜೆ ಕೊಟ್ಟಿದ್ದೆ.

ಹುಳಿಗೆ ಮಸಾಲೆ ಕಡೆದು ಆಗಿತ್ತು. ಹೊಸದನ್ನು ಮೊದಲಿಂದ ಓದಿದೆ. ದೊಡ್ಡಮ್ಮ ಈ ಸಲ ಒಲೆಯ ಕಡೆ ತಿರುಗಲಿಲ್ಲ. ಓದಿ ಮುಗಿದ ಮೇಲೆ, ಪಾತ್ರೆಯ ನೀರಿನಲ್ಲಿ ಮುಳುಗಿದ್ದ ಹೋಳುಗಳನ್ನು ಕೈಯಲ್ಲಿ ಎತ್ತಿ ತೋರಿಸಿದರು.

‘ಹೆಚ್ಚಿದ ಕೂಡಲೇ ನೀರಿಗೆ ಹಾಕಬೇಕು ಅಂತ ಬರೆದಿದ್ದೀಯಾ? ಇಲ್ಲದಿದ್ದರೆ ಕಪ್ಪಾಗ್ತದೆ.’

ಬರೆದಿರಲಿಲ್ಲ. ಅವರು ಹೋಳುಗಳನ್ನು ಬೇಳೆಗೆ ಹಾಕುವಷ್ಟರಲ್ಲಿ ಆ ಸಾಲು ಸೇರಿಸಿ ಕಳಿಸಿದೆ.