ನಳಿಗೆಗೆ ಬಿಸಿನೀರೇ ಬೇಕು ಚಿಕ್ಕಪ್ಪ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮಾರನೇ ದಿನದಿಂದ, ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸೋ ಹಳೇ ಕಾಲದ ಕೋವಿಗಂತಲೇ ಒಂದು ಜಿಂಕೆ ಬೇಟೆ ಸೀಸನ್ ಇದೆ. 1974ರಿಂದ ನಡೆದು ಬಂದಿದೆ. ನನಗೆ ಬೇಟೆಯ ಹುಚ್ಚಿಲ್ಲ. ಪಕ್ಕದ ಮನೆ ಯಜಮಾನರ ಜೊತೆ ಗುರಿ ಹೊಡೆಯೋ ಮೈದಾನಕ್ಕೆ ಹೋಗ್ತೀನಿ ಅಷ್ಟೆ. ಹೊಡೆದಷ್ಟೇ ಹೊತ್ತು ಆ ಕೋವಿ ತೊಳೆಯೋದಕ್ಕೂ ಹಿಡಿಯುತ್ತೆ.

ಹಾಗೆ ತೊಳೆಯೋದನ್ನ ವಿಡಿಯೋ ಕಾಲ್‌ನಲ್ಲಿ ನೋಡಿದ ಮಧುಗಿರಿ ಕಡೆಯ ನಮ್ಮ ಚಿಕ್ಕಪ್ಪ ಗದರಿದರು: "ಕಬ್ಬಿಣಕ್ಕೆ ನೀರು ಹುಯ್ತಾ ಅವ್ನಲ್ಲ, ತುಕ್ಕು ಹಿಡಿಯಲ್ವೇನ್ಲಾ?" ಅವರ ಹತ್ತಿರ ತಾತನ ಕಾಲದ ಒಂಟಿ ನಳಿಗೆ ಕೋವಿ ಇದೆ, ಲೈಸೆನ್ಸ್ ಸಮೇತ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೆ ಬೆದರಿಸೋಕೆ ಗಾಳಿಗೊಂದು ಹೊಡೆದು, ಸೀಮೆಎಣ್ಣೆ ಬಟ್ಟೆ ಆಡಿಸಿ, ಗೂಟಕ್ಕೆ ನೇತುಹಾಕಿದರೆ ಕೆಲಸ ಮುಗೀತು.

ತೊಂದರೆ ಇರೋದೇ ಆ ಸೀಮೆಎಣ್ಣೆಯಲ್ಲಿ. ಈ ಕೋವಿಗಳಿಗೆ ತುಂಬೋ ಕರಿಮದ್ದು ಅಂದ್ರೆ ಹೆಚ್ಚುಕಮ್ಮಿ 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟು), 15 ಪಾಲು ಇದ್ದಿಲು, 10 ಪಾಲು ಗಂಧಕ. ಸುಟ್ಟ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯಾಗಿ ಹೋಗೋದೇ ಇಲ್ಲ. ಒಂದಷ್ಟು ಹೊಗೆ ಜೊತೆ ಹಾರುತ್ತೆ, ಮಿಕ್ಕಿದ್ದು ನಳಿಗೆಗೆ ಮೆತ್ತಿಕೊಳ್ಳುತ್ತೆ. ಅದು ಬರೀ ಮಸಿಯಲ್ಲ, ಪೊಟ್ಯಾಸಿಯಂ ಕಾರ್ಬೊನೇಟು, ಸಲ್ಫೇಟು, ಸಲ್ಫೈಡು, ಎಲ್ಲ ಉಪ್ಪಿನ ಜಾತಿ. ಮಳೆಗಾಲದ ಅಡುಗೆ ಉಪ್ಪಿನ ಹಾಗೆ ಗಾಳಿಯ ತೇವ ಎಳೆದುಕೊಂಡು ಪಸೆ ಒಡೆಯುತ್ತೆ. ಉಪ್ಪು ನೀರಿಗೆ ಕರಗುತ್ತೇ ಹೊರತು ಸೀಮೆಎಣ್ಣೆಗೆ ಕರಗಲ್ಲ. ಮೇಲೆ ಎಣ್ಣೆ ಮಿನುಗ್ತಿರುತ್ತೆ, ಅಡಿಯಲ್ಲಿ ತುಕ್ಕು ತಿಂತಿರುತ್ತೆ.

ಇಲ್ಲಿ ಪಕ್ಕದ ಮನೆ ಯಜಮಾನರು ಮೊದಲು ಗಜ, ಅಂದ್ರೆ ಮದ್ದು ದಟ್ಟಿಸೋ ಉದ್ದನೆ ಕಡ್ಡಿ, ನಳಿಗೆಯೊಳಗೆ ಇಳಿಬಿಟ್ಟು, ಅದರ ಮೇಲೆ ಮಾಡಿಕೊಂಡ ಖಾಲಿ ನಳಿಗೆಯ ಆಳದ ಗುರುತು ನೋಡಿ, ಒಳಗೆ ಮದ್ದು ಗುಂಡು ಇಲ್ಲ ಅಂತ ಖಾತ್ರಿ ಮಾಡಿಕೊಳ್ತಾರೆ. ಆಮೇಲೆ ಬೆಣೆ ತಟ್ಟಿ, ನಳಿಗೆಯನ್ನು ಮರದಿಂದ ಬಿಡಿಸಿ, ಬುಡವನ್ನು ಸೋಪು ಹಾಕಿದ ಬಿಸಿನೀರಿನ ಬಕೆಟ್ಟಿಗೆ ಇಳಿಸ್ತಾರೆ. ಗಜದ ತುದಿಗೆ ಬಟ್ಟೆ ಸಿಕ್ಕಿಸಿ ಮೇಲೆ ಕೆಳಗೆ ಆಡಿಸಿದರೆ ಬುಡದಲ್ಲಿ ಕಿಡಿ ಒಳಹೋಗೋ ಕಿವಿತೂತಿನಿಂದ ನೀರು ಸೊರ್ರನೆ ಒಳಗೇರಿ ಮತ್ತೆ ಇಳಿಯುತ್ತೆ. ಮೊದಲ ನೀರು ಅಪ್ಪಟ ಕಪ್ಪು, ಜೊತೆಗೆ ಕೊಳೆತ ಮೊಟ್ಟೆ ನಾತ. ಗಂಧಕದ ಕರಾಮತ್ತು ಅದು. ಹೆಂಡತಿ ಗ್ಯಾರೇಜಿನ ಬಾಗಿಲು ಹಾಕಿಬಿಡ್ತಾಳೆ. ತಿಳಿನೀರು ಬರೋವರೆಗೆ ಬದಲಾಯಿಸಿ, ಕೊನೆಗೆ ಸುಡುನೀರು ಹಾಯಿಸಬೇಕು. ಆ ಕಾವಿಗೇ ನಳಿಗೆ ಬೇಗ ಒಣಗುತ್ತೆ. ಒಣಬಟ್ಟೆ ಆದ ಮೇಲಷ್ಟೇ ತೆಳ್ಳಗೆ ಎಣ್ಣೆ. ಮಾರನೇ ದಿನ ಬಿಳಿ ಬಟ್ಟೆ ಆಡಿಸಿದಾಗ ಕಂದು ಬಣ್ಣ ಹತ್ತಿದರೆ ಮತ್ತೆ ಮೊದಲಿಂದ.

ನಿಜ ಹೇಳಬೇಕಂದ್ರೆ ಇದರ ಅಗತ್ಯ ನಮಗಿಂತ ಚಿಕ್ಕಪ್ಪನಿಗೇ ಜಾಸ್ತಿ. ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ, ಒಣಗಾಳಿ. ಅಲ್ಲಿ ಹಂದಿ ಬರೋದೇ ಕಾಯಿ ಬಲಿಯೋ ಹೊತ್ತಿಗೆ, ಮಳೆ ಇನ್ನೂ ಬಿಟ್ಟಿರಲ್ಲ. ಸಾಲದ್ದಕ್ಕೆ ಎಲೆಕ್ಷನ್ ಬಂದರೆ ಸಾಮಾನ್ಯವಾಗಿ ಕೋವಿ ಠಾಣೆಗೆ ಒಪ್ಪಿಸಬೇಕಾಗುತ್ತೆ. ತೊಳೆಯದೆ ಕೊಟ್ಟರೆ ಮತ ಎಣಿಕೆ ಮುಗಿದು ವಾಪಸ್ ಬರೋ ಹೊತ್ತಿಗೆ ಒಳಗೆಲ್ಲ ಹಕ್ಕಳೆ.

"ನಂದು ಕೇಪಿನ ಕೋವಿ, ನಳಿಗೆ ಬಿಚ್ಚಕ್ಕಾಗಲ್ಲ" ಅಂದರು ಚಿಕ್ಕಪ್ಪ. ಅದರಲ್ಲಿ ಚಕಮಕಿ ಕಲ್ಲಿನ ಬದಲು ಕೇಪು ಅನ್ನೋ ಸಿಡಿಯೋ ಪುಟ್ಟ ಟೋಪಿ ಕಿಡಿ ಕೊಡುತ್ತೆ. ಪರವಾಗಿಲ್ಲ, ಕೇಪು ಕೂರಿಸೋ ನಿಪ್ಪಲ್ ಬಿಚ್ಚಿ, ಮರಕ್ಕೆ ಹಳೇ ಪಂಚೆ ಸುತ್ತಿ, ನಳಿಗೆ ಬಾಯಿಗೆ ನೀರು ಹುಯ್ದು ಬಗ್ಗಿಸಿದರೆ ಆಯ್ತು. ಆರಿದ ಮೇಲೆ ಎಣ್ಣೆ ಹಚ್ಚಿ, ಅದು ಬುಡಕ್ಕೆ ಇಳಿಯದ ಹಾಗೆ ನಳಿಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಮುಂದಿನ ಸಲ ಮದ್ದು ಹಾಕೋ ಮುಂಚೆ ಒಣಬಟ್ಟೆಯಲ್ಲಿ ಆ ಎಣ್ಣೆ ತೆಗೀರಿ. ಇಲ್ಲಾಂದ್ರೆ ಹಂದಿ ಹಿಂಡು ಎದುರಿಗಿರುವಾಗ ಕೇಪು ಟಪ್ ಅನ್ನುತ್ತೆ, ಕೋವಿ ಸುಮ್ಮನಿರುತ್ತೆ.