ಕ್ಯಾಮೆರಾ ಪಾಸ್‌ವರ್ಡ್ ಯಾರ ಕಡೆ ಐತಿ?

ನಮ್ಮ ಧಾರವಾಡದ ಸಪ್ತಾಪುರದಾಗ ಕೋಚಿಂಗಿಗೆ ಬಂದ ಹುಡುಗ್ಯಾರು ಇರೂ ಒಂದು ಪಿಜಿ, ಗೇಟಿಗೊಂದು ಮೆಟ್ಲಿಗೊಂದು ಕ್ಯಾಮೆರಾ, ನೋಡಾವ್ರು ಯಾರಂದ್ರ ಓನರ್ ಸಾಹೇಬ್ರು, ಅವ್ರ ಮಗ, ಒಮ್ಮೊಮ್ಮೆ ಅಳಿಯಾನೂ ಫೋನಿನ್ಯಾಗ ನೋಡ್ತಾನಂತ. ಯಾರು ಎಷ್ಟೊತ್ತಿಗೆ ಬಂದ್ರು, ಯಾರ ಗಾಡಿ ಮ್ಯಾಲೆ ಬಂದ್ರು, ಸೀದಾ ಊರಾಗ ಅಪ್ಪಗ ಫೋನ್ ಹೋಗ್ತೈತಿ. ಸೇಫ್ಟಿ ಅಂತಾರ, ಇರ್ಲಿ ಬಿಡ್ರಿ ಒಪ್ಪೋಣು, ಆದ್ರ ರೆಕಾರ್ಡಿಂಗ್ ಎಷ್ಟು ದಿನ ಇಡ್ತೀರಿ ಅಂತ ಒಬ್ಬಾಕಿ ಕೇಳಿದ್ದಕ್ಕ ರೂಮ್ ಖಾಲಿ ಮಾಡು ಅಂದ್ರಂತ!

1991ರಾಗ ಮಾರ್ಕ್ ವೈಸರ್ ಅನ್ನೋ ಅಮೆರಿಕಾದ ವಿಜ್ಞಾನಿ ಬರದಿದ್ದ, ಮುಂದ ಕಂಪ್ಯೂಟರ್ ಕಣ್ಣಿಗೆ ಬೀಳದಂಗ ಎಲ್ಲಾ ಕಡೆ ಸೇರ್ಕೊಂತಾವ ಅಂತ. ಈ ಕ್ಯಾಮೆರಾದ ರೂಪದಾಗ ಸೇರ್ಕೊಂಡಾವ ಖರೆ, ಆದ್ರ ಓನರ್ ಮನಿ ಬಾಗಲಾ ದಾಟಿ ಒಳಗ ಒಂದೂ ಇಲ್ಲ ನೋಡ್ರಿ. 2017ರಾಗ ಸುಪ್ರೀಂ ಕೋರ್ಟಿನ 9 ಮಂದಿ ಜಡ್ಜ್ ಕೂತು ಖಾಸಗಿತನ ಮೂಲಭೂತ ಹಕ್ಕು ಅಂದ್ರು, ಕೇಸ್ ಹಾಕಿದಾವ್ರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿ ಅವ್ರೇ, ಆದ್ರ ಅಡ್ವಾನ್ಸ್ ಕೊಟ್ಟು ಕೂತ ಹುಡುಗಿ ಯಾವ ಹಕ್ಕಂತ ಜಗಳಾ ತಗೀಬೇಕು?

ಅಕ್ಕನ ಮಗಳು ಮುಂದಿನ ತಿಂಗಳು ಬರಾಕತ್ಯಾಳ. ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ ಅಂತ ಕೇಳೂಕಿಂತ ಮೊದ್ಲ ಪಾಸ್‌ವರ್ಡ್ ಯಾರ ಕಡೆ ಐತಿ ಅಂತ ಕೇಳಾಂವ ಅದೀನಿ.