ಗ್ರಾಫ್ ನೋಡುವ ಮೊದಲು ಪ್ಲೇಟ್ ನೋಡಿ

ಬೆಂಗಳೂರಿನ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ರೋಹಿತಮಾಪಕಗಳನ್ನು, ಅಂದರೆ ವಸ್ತುವಿನ ಮೇಲೆ ಬಿದ್ದ ಬೆಳಕು ಹೇಗೆ ಬದಲಾಯಿತು ಎಂದು ಗ್ರಾಫ್ ಬರೆದು ತೋರಿಸುವ ಯಂತ್ರಗಳನ್ನು, ನೋಡಿಕೊಳ್ಳುವುದು ನನ್ನ ಕೆಲಸ. ಆಸ್ಪತ್ರೆಗಳಿಂದ ಬರುವ ರೋಗಕಾರಕ ಶಿಲೀಂಧ್ರಗಳ ಮೇಲೆ ಬೆಳಕು ಬಿಟ್ಟು, ಅವು ಯಾವ ಜಾತಿಯವು, ಔಷಧಕ್ಕೆ ಬಗ್ಗುವಂಥವೇ ಎಂಬುದನ್ನು ಗ್ರಾಫ್ ನೋಡಿಯೇ ಹೇಳಲು ಸಾಧ್ಯವೇ ಎಂದು ಪರೀಕ್ಷಿಸುತ್ತೇವೆ. ಹೊಸದಾಗಿ ಸೇರಿದವರು ಮೊದಲು ಯಂತ್ರದ ಬೆಲೆ ಕೇಳುತ್ತಾರೆ, ಆಮೇಲೆ ಸಾಫ್ಟ್‌ವೇರ್ ಬಗ್ಗೆ. ಸ್ಯಾಂಪಲ್ ಹೇಗೆ ಬೆಳೆಯಿತು ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಕೆಲಸದ ಮುಕ್ಕಾಲು ಪಾಲು ಇರುವುದೇ ಅಲ್ಲಿ.

ಇಷ್ಟಕ್ಕೂ ಬೆಳಕಿನ ಗೊಡವೆ ಏಕೆ? ಕ್ಯಾಂಡಿಡಾದಂಥ ಯೀಸ್ಟ್ ಅಗಾರ್ ಪ್ಲೇಟ್‌ನಲ್ಲಿ (ಪೋಷಕಾಂಶ ಬೆರೆಸಿದ ಲೋಳೆ ತುಂಬಿದ ತಟ್ಟೆ) ಒಂದೆರಡು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹುಳುಕಡ್ಡಿಯ ಶಿಲೀಂಧ್ರಕ್ಕೆ ವಾರಗಳೇ ಬೇಕು. ಬೆಳೆದ ಮೇಲೂ ಹೆಸರು ಹೇಳುವುದು ಸುಲಭವಲ್ಲ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಪ್ರತ್ಯೇಕಿಸಿ ವರ್ಣಿಸಿದ ಕ್ಯಾಂಡಿಡಾ ಆರಿಸ್ ಅನ್ನು ಹಳೆಯ ಜೀವರಾಸಾಯನಿಕ ಕಿಟ್‌ಗಳು ಅದರ ಹತ್ತಿರದ ಸಂಬಂಧಿಯೆಂದೇ ಎಷ್ಟೋ ಸಲ ಗುರುತಿಸುತ್ತಿದ್ದವು. ಇದರ ಬಹುಪಾಲು ತಳಿಗಳು ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಕ್ಕೆ ಜಗ್ಗುವುದಿಲ್ಲವಾದ್ದರಿಂದ ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಶಿಲೀಂಧ್ರಗಳ ಪಟ್ಟಿಯಲ್ಲಿ ಇದು ಅತ್ಯಂತ ಗಂಭೀರ ಗುಂಪಿನಲ್ಲಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಪ್ರೋಟೀನ್‌ಗಳನ್ನು ತೂಗಿ ಹೆಸರು ಹೇಳುವ ಮಾಲ್ಡಿ-ಟಾಫ್ ಯಂತ್ರ ಬಂದಿದೆ. ನಾವು ಬಳಸುವ ಅವಗೆಂಪು (ಸ್ಯಾಂಪಲ್ ಯಾವ ಬೆಳಕನ್ನು ಹೀರಿತು ಎಂದು ನೋಡುವ) ಮತ್ತು ರಾಮನ್ (ಚದುರಿದ ಬೆಳಕನ್ನು ನೋಡುವ) ವಿಧಾನಗಳು ಇನ್ನೂ ಹೆಚ್ಚಾಗಿ ಸಂಶೋಧನೆಯ ಹಂತದಲ್ಲೇ ಇವೆ.

ಒಮ್ಮೆ ಸಂಶೋಧನಾ ವಿದ್ಯಾರ್ಥಿಯೊಬ್ಬರು ಸಂಭ್ರಮದಿಂದ ಲ್ಯಾಪ್‌ಟಾಪ್ ಹಿಡಿದು ಬಂದರು. ಎರಡು ಆಸ್ಪತ್ರೆಗಳ ಕ್ಯಾಂಡಿಡಾ ಆಲ್ಬಿಕನ್ಸ್, ಪರದೆಯ ಮೇಲೆ ಎರಡು ಗುಂಪಾಗಿ ಅಚ್ಚುಕಟ್ಟಾಗಿ ಬೇರ್ಪಟ್ಟಿತ್ತು. ನಮ್ಮ ಹಿರಿಯ ಮೇಡಂ ಗುಂಪುಗಳತ್ತ ಕಣ್ಣೂ ಹಾಯಿಸಲಿಲ್ಲ.

“ಯಾವುದರ ಮೇಲೆ ಬೆಳೆಸಿದ್ದರು?”

“ಒಂದು ಸಬೋರೋ ಅಗಾರ್, ಇನ್ನೊಂದು ಆಲೂಗಡ್ಡೆ ಅಗಾರ್, ಮೇಡಂ.”

“ಎಷ್ಟು ಗಂಟೆ?”

ಒಂದು ನಲವತ್ತೆಂಟು ಗಂಟೆಯದು. ಇನ್ನೊಂದು ವಾರಾಂತ್ಯವಿಡೀ ಇನ್‌ಕ್ಯುಬೇಟರ್‌ನಲ್ಲೇ ಉಳಿದಿತ್ತು. ವ್ಯತ್ಯಾಸವೆಲ್ಲ ಗ್ರಾಫ್‌ನಲ್ಲಿ ತರಂಗಸಂಖ್ಯೆ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕ) 900ರಿಂದ 1200ರವರೆಗಿನ ಪಟ್ಟಿಯಲ್ಲಿತ್ತು. ಕೋಶಭಿತ್ತಿಯ ಗ್ಲುಕಾನ್, ಮ್ಯಾನಾನ್ ಎಂಬ ಸಕ್ಕರೆ ಸರಪಳಿಗಳು ಕಾಣಿಸುವುದು ಅಲ್ಲೇ, ಕೋಶ ಕೂಡಿಟ್ಟುಕೊಳ್ಳುವ ಗ್ಲೈಕೊಜನ್ ಕಾಣಿಸುವುದೂ ಅಲ್ಲೇ. ಯೀಸ್ಟ್ ಎಷ್ಟು ಗ್ಲೈಕೊಜನ್ ಇಟ್ಟುಕೊಳ್ಳುತ್ತದೆ ಎಂಬುದು ಅದು ತಿಂದ ಸಕ್ಕರೆ ಮತ್ತು ಅದರ ವಯಸ್ಸಿನ ಮೇಲೆ ನಿಂತಿದೆ. ಎರಡನ್ನೂ ಒಂದೇ ಅಗಾರ್ ಮೇಲೆ, ಒಂದೇ ಅವಧಿಗೆ ಬೆಳೆಸಿ ಮತ್ತೆ ಅಳೆದಾಗ ಗುಂಪುಗಳು ಒಂದರೊಳಗೊಂದು ಬೆರೆತುಹೋದವು. ಸಾಫ್ಟ್‌ವೇರ್ ಬೇರ್ಪಡಿಸಿದ್ದು ತಳಿಗಳನ್ನಲ್ಲ, ಊಟವನ್ನು. ಆ ವಿದ್ಯಾರ್ಥಿ ಎರಡು ದಿನ ಮಂಕಾಗಿದ್ದರು. ಸಬೂಬು ಹೇಳಲಿಲ್ಲ ಎಂಬುದು ನನಗೆ ಹಿಡಿಸಿತು.

ಅಂದಿನಿಂದ ಪ್ರತಿ ಸ್ಯಾಂಪಲ್ ಜೊತೆ ಒಂದು ಚೀಟಿ ಕೇಳುತ್ತೇವೆ. ಯಾವ ಅಗಾರ್, ಯಾವ ಕಂಪನಿಯದು, ಎಷ್ಟು ಉಷ್ಣತೆ, ಎಷ್ಟು ಗಂಟೆ, ಕೊಂದದ್ದು ಶಾಖದಿಂದಲೋ ಎಥೆನಾಲ್‌ನಿಂದಲೋ. ಎಥೆನಾಲ್ ಕೊಬ್ಬಿನಂಶವನ್ನು ಸ್ವಲ್ಪ ಕರಗಿಸಿಕೊಂಡು ಹೋಗುತ್ತದೆ, ಅದೂ ಗ್ರಾಫ್‌ನಲ್ಲಿ ಕಾಣಿಸುತ್ತದೆ.

ಅವಗೆಂಪು ವಿಧಾನದ ದೊಡ್ಡ ಶತ್ರು ನೀರು. ತರಂಗಸಂಖ್ಯೆ 1640ರ ಆಸುಪಾಸಿನಲ್ಲಿ ನೀರು ಬೆಳಕನ್ನು ಹೀರುತ್ತದೆ; ಪ್ರೋಟೀನ್‌ನ ಮುಖ್ಯ ಶಿಖರ ಇರುವುದು 1650ರ ಬಳಿ. ಸ್ಯಾಂಪಲ್ ಸರಿಯಾಗಿ ಒಣಗದಿದ್ದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಬೆಂಗಳೂರಿನ ಮಳೆಗಾಲದಲ್ಲಿ ಸ್ಯಾಂಪಲ್ ಬೆರೆಸಿದ ಪೊಟ್ಯಾಸಿಯಂ ಬ್ರೋಮೈಡ್ ಎಂಬ ಲವಣದ ಬಿಲ್ಲೆ ಒತ್ತಿ ನೋಡಿ: ಗಾಜಿನಂತೆ ತಿಳಿಯಾಗಿ ಹೊರಬಂದದ್ದು ಮೇಜಿನ ಮೇಲೆ ಇಟ್ಟಲ್ಲಿಯೇ ತೇವ ಎಳೆದುಕೊಂಡು ಮಸುಕಾಗುತ್ತದೆ. ಆಗಸ್ಟ್‌ನಲ್ಲಿ ಪುಡಿಯನ್ನು ಓವನ್‌ನಿಂದ ನೇರ ಅಚ್ಚಿಗೆ ಸುರಿಯುತ್ತೇವೆ, ಮಾತಿಗೆ ನಿಲ್ಲುವುದಿಲ್ಲ.

ರಾಮನ್ ವಿಧಾನಕ್ಕೆ ನೀರಿನ ಕಾಟ ಕಡಿಮೆ, ಹಸಿ ಕೋಶವನ್ನೇ ನೋಡಬಹುದು. ಸಿ. ವಿ. ರಾಮನ್ ಈ ವಿಧಾನದ ಮೂಲವಾದ ಪರಿಣಾಮವನ್ನು 1928ರಲ್ಲಿ ಕಲ್ಕತ್ತಾದಲ್ಲಿ ಕಂಡುಹಿಡಿದು, 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಇಲ್ಲೇ ಉಳಿದವರು. ಅತಿಥಿಗಳಿಗೆ ಈ ಕಥೆ ಹೇಳಲು ನಮಗೆಲ್ಲ ಬಲು ಹೆಮ್ಮೆ. ಚದುರುವ ಬೆಳಕಿನ ಕಣಗಳಲ್ಲಿ ಸುಮಾರು ಕೋಟಿಗೊಂದು ಮಾತ್ರ ಬಣ್ಣ ಬದಲಿಸಿ ಬರುತ್ತದೆ ಎಂಬುದನ್ನು ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಇಷ್ಟು ಕ್ಷೀಣ ಸಂಕೇತವನ್ನು ಪ್ರತಿದೀಪ್ತಿ, ಅಂದರೆ ಲೇಸರ್ ಬಿದ್ದಾಗ ಸ್ಯಾಂಪಲ್ ತಾನೇ ಸೂಸುವ ಬೆಳಕು, ಸುಲಭವಾಗಿ ನುಂಗಿಹಾಕುತ್ತದೆ.

ಕಪ್ಪು ಬೂಷ್ಟಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಆಸ್ಪರ್ಜಿಲಸ್ ನೈಗರ್‌ನ ಕರಿ ಬೀಜಕಗಳ ಮೇಲೆ ಲೇಸರ್ ಜೋರಾಗಿ ಬಿಟ್ಟರೆ ವರ್ಣದ್ರವ್ಯ ಬೆಳಕನ್ನೆಲ್ಲ ಹೀರಿ ಬಿಸಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಜಾಗ ಸುಟ್ಟಿರುತ್ತದೆ, ಗ್ರಾಫ್‌ನಲ್ಲಿ ಇಂಗಾಲದ ಎರಡು ಅಗಲ ದಿಬ್ಬಗಳು ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ. ಹಾಗಾಗಿ 785 ನ್ಯಾನೊಮೀಟರ್ ಲೇಸರಿನ ಶಕ್ತಿಯನ್ನು ತಗ್ಗಿಸಿಟ್ಟು, ಹೆಚ್ಚು ಹೊತ್ತು ಅಳೆಯುತ್ತೇವೆ. ಅದಕ್ಕಿಂತ ಒಳ್ಳೆಯ ಉಪಾಯವೆಂದರೆ ಬೀಜಕ ಕಟ್ಟುವ ಮೊದಲೇ, ಎಳೆಗಳು ಇನ್ನೂ ಬೆಳ್ಳಗಿರುವಾಗ ಸ್ಯಾಂಪಲ್ ತೆಗೆಯುವುದು. ಅದಕ್ಕೂ ಪ್ಲೇಟ್‌ನ ವಯಸ್ಸು ತಿಳಿದಿರಬೇಕು. ಚೀಟಿಯಲ್ಲಿ ಗಂಟೆಯ ಕಾಲಂ ಖಾಲಿ ಬಿಟ್ಟು ಕಳುಹಿಸಿದವರಿಗೆ ನಾನೇ ಫೋನ್ ಮಾಡುತ್ತೇನೆ. ಅವರು “ಮೊನ್ನೆ ಹಾಕಿದ್ದಿರಬೇಕು” ಎಂದರೆ ಹೊಸ ಪ್ಲೇಟ್ ಕಳುಹಿಸಲು ಹೇಳುತ್ತೇನೆ.